ಮಸಾಲೆ ದೋಸೆ ಬಿಡಕ್ಕಾಗ್ದೆ ಓಟ್ಸ್, ರಾಗಿ, ನವಣೆ, ಹೆಸರುಕಾಳು ಎಲ್ಲಾ ಹುಯ್ದು ನೋಡಿದೆ

ಎಚ್‌ಬಿಎ1ಸಿ, ಅಂದ್ರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರ್ಸೋ ರಕ್ತಪರೀಕ್ಷೆ, 5.9 ಬಂತು. 5.7ರಿಂದ 6.4ರ ಒಳಗಿದ್ರೆ ಪ್ರೀ-ಡಯಾಬಿಟಿಸ್, ಅಂದ್ರೆ ಸಕ್ಕರೆ ಕಾಯಿಲೆಗೆ ಹಿಂದಿನ ಹಂತ ಅಂತೆ, ಡಾಕ್ಟ್ರು ಅಕ್ಕಿ ಕಮ್ಮಿ ಮಾಡಿ ಅಂದ್ಬಿಟ್ರು. ಅನ್ನ ಬಿಡೋದು ಅಷ್ಟೇನ್ ಕಷ್ಟ ಆಗ್ಲಿಲ್ಲ, ಮುದ್ದೆ ಇದೆಯಲ್ಲ, ಆದ್ರೆ ಬಸವನಗುಡೀಲಿ ಮನೆ ಇಟ್ಕೊಂಡು ಬೆಳಿಗ್ಗೆ ವಾಕಿಂಗ್ ಹೋದ್ರೂ ಕಾವಲಿ ಮೇಲಿನ ತುಪ್ಪದ ವಾಸ್ನೆ ಮೂಗಿಗೆ ಬಡೀತಿರೋವಾಗ ಮಸಾಲೆ ದೋಸೆ ಬಿಡಿ ಅಂದ್ರೆ ಹೇಗ್ರೀ ಬಿಡೋದು? ಅದಕ್ಕೆ ಜನ ಹೆಲ್ದಿ ದೋಸೆ ಅಂತ ಹೇಳೋದನ್ನೆಲ್ಲ ಒಂದೊಂದಾಗಿ ಮನೇಲಿ ಮಾಡಿ, ತಿಂದು ಎರಡು ಗಂಟೆ ಆದ್ಮೇಲೆ ಗ್ಲೂಕೋಮೀಟರ್‌ಗೆ ಬೆರಳು ಚುಚ್ಕೊಂಡು ನೋಡಿದೆ.

ಓಟ್ಸ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಅದ್ರಲ್ಲಿರೋ ಬೀಟಾ ಗ್ಲೂಕನ್ ಅನ್ನೋ ನಾರು ಕೊಲೆಸ್ಟ್ರಾಲ್‌ಗೆ ಒಳ್ಳೇದು, ಒಪ್ತೀನಿ, ಆದ್ರೆ ಅದೇ ನಾರು ಹಿಟ್ಟನ್ನ ಲೋಳೆ ಮಾಡಿಬಿಡತ್ತೆ, ಹರಡಲ್ಲ, ಗರಿ ಆಗಲ್ಲ. ಗಂಜಿ ಮಾಡ್ಕೊಂಡು ಕುಡೀರಿ, ದೋಸೆ ಹೆಸರು ಕೆಡಿಸ್ಬೇಡಿ.

ರಾಗಿ ಹಿಟ್ಟಿಗೆ ರವೆ, ಮಜ್ಜಿಗೆ ಹಾಕಿ ನೀರಾಗಿ ಹುಯ್ದ್ರೆ ತೂತುತೂತಾಗಿ ಚೆನ್ನಾಗೇ ಬರತ್ತೆ. 100 ಗ್ರಾಂಗೆ ಹತ್ರತ್ರ 350 ಮಿಲಿಗ್ರಾಂ ಕ್ಯಾಲ್ಸಿಯಂ ಬೇರೆ. ಬಿಸೀಲಿ ತಿನ್ಬೇಕು ಅಷ್ಟೇ, ಆರಿದ್ರೆ ಎಳೆದು ಹರೀಬೇಕು. ಆದ್ರೆ ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣ ಆಗತ್ತೆ, ಮೀಟರ್ 140 ದಾಟ್ತಿತ್ತು. (ಅಂದ್ರೆ ಮುದ್ದೆನೂ ಲೆಕ್ಕ ಇಟ್ಟೇ ನುಂಗ್ಬೇಕು, ಇದನ್ನ ನಮ್ಮಮ್ಮಂಗೆ ಹೇಳಕ್ಕೆ ಧೈರ್ಯ ಇಲ್ಲ.)

ನೋಡೋಕೆ ಅಸಲಿ ದೋಸೆ ಥರಾನೇ ಇರೋದು ನವಣೆ. ಮೂರು ಪಾಲು ನವಣೆ, ಒಂದು ಪಾಲು ಉದ್ದು, ಚೂರು ಮೆಂತ್ಯ, ಒಂದ್ ಹಿಡಿ ಅವಲಕ್ಕಿ, ರಾತ್ರಿ ಹುದುಗಿದ್ರೆ ಬೆಳಿಗ್ಗೆ ಹೊಂಬಣ್ಣದ ದೋಸೆ, ಹೇಳ್ದೆ ಇದ್ರೆ ನೆಂಟರಿಗೆ ಗೊತ್ತಾಗಲ್ಲ. ಆದ್ರೆ 2023ರಲ್ಲಿ ವಿಶ್ವಸಂಸ್ಥೆಯವ್ರು ಸಿರಿಧಾನ್ಯ ವರ್ಷ ಅಂತ ಮಾಡಿದ್ಮೇಲೆ ಜನ ಅದನ್ನ ಔಷಧಿ ಮಾಡ್ಬಿಟ್ಟಿದ್ದಾರೆ, ಅದೂ ಧಾನ್ಯನೇ ಸ್ವಾಮಿ, ಅರ್ಧಕ್ಕಿಂತ ಜಾಸ್ತಿ ಪಿಷ್ಟನೇ ಇರೋದು. ಅಕ್ಕಿ ದೋಸೆಗಿಂತ ಮೀಟರ್ ಸ್ವಲ್ಪ ಕೆಳಗಿತ್ತು, ಸ್ವಲ್ಪ ಅಂದ್ರೆ ಸ್ವಲ್ಪನೇ. ರೇಟು ಮಾತ್ರ ಸೋನಾ ಮಸೂರಿಗಿಂತ ಮೇಲೆ.

ಹೆಸರುಕಾಳು ದೋಸೆ, ಆಂಧ್ರದವ್ರ ಪೆಸರಟ್ಟು, ನಂಗೆ ಗೆದ್ದಿದ್ದು ಇದು. ಹುದುಗೋ ರಗಳೆ ಇಲ್ಲ, ನಾಲ್ಕೈದು ಗಂಟೆ ನೆನೆಸಿ ಶುಂಠಿ, ಹಸಿಮೆಣಸು, ಜೀರಿಗೆ ಹಾಕಿ ರುಬ್ಬಿದ್ರೆ ಆಯ್ತು, ಗರಿಗೆ ಒಂದು ಹಿಡಿ ಅಕ್ಕಿ. 100 ಗ್ರಾಂ ಕಾಳಲ್ಲಿ 24 ಗ್ರಾಂ ಆಸುಪಾಸು ಪ್ರೋಟೀನು, ಎರಡು ತಿಂದ್ರೆ ಮಧ್ಯಾಹ್ನದವರೆಗೂ ಹೊಟ್ಟೆ ಸುಮ್ನಿರತ್ತೆ, ಮೀಟರೂ ತೆಪ್ಪಗಿತ್ತು. ಅವ್ರ ಥರ ಒಳಗೆ ಉಪ್ಪಿಟ್ಟು ಇಟ್ಟು ಮಡಚಿದ್ರೆ ಮಾತ್ರ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಆದ್ರೆ ಬರೀ ಹೆಸರುಕಾಳು ದೋಸೆ ತಿಂದ್ರೆ ಮಸಾಲೆ ದೋಸೆ ಆಸೆ ಹೋಗಲ್ಲ, ಹಸಿರು ವಾಸ್ನೆ ಬೇರೆ. ಆಮೇಲೆ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿಗಡಲೆ ಹಾಕಿದ ಕೆಂಪು ಚಟ್ನಿ ಬಳಿದು ಅರ್ಧ ಚಮಚ ಬೆಣ್ಣೆ ಬಿಟ್ಟು ನೋಡಿದೆ. ಅಯ್ಯೋ, ನಾಲಿಗೆ ಇಷ್ಟು ದಿನ ಕೇಳ್ತಿದ್ದಿದ್ದು ಅಕ್ಕಿ ಅಲ್ವೇ ಅಲ್ಲ, ಈ ಚಟ್ನಿ, ಈ ಬೆಣ್ಣೆ, ಆ ಗರಿಗರಿ ಅಂಚು. ಆಲೂಗಡ್ಡೆ ಪಲ್ಯ ಇಲ್ಲ ಅಂತ ಅನ್ಸೇ ಇಲ್ಲ. ದೊಡ್ಡ ಚಮಚ ಬೆಣ್ಣೆಗೆ 100 ಕ್ಯಾಲೊರಿ, ಅದಕ್ಕೇ ಅರ್ಧ.

ಇನ್ನು ಹೋಟ್ಲು. ಭಾನುವಾರ ಒಂದೇ ಮಸಾಲೆ, ನಾನು ನಮ್ಮನೆಯವ್ರು ಇಬ್ರೂ ಹಂಚ್ಕೊಳ್ಳೋದು, ಮನೆಯಿಂದ ಕೋಸಂಬರಿ ತಿಂದ್ಕೊಂಡೇ ಹೊರಡೋದು, ವಾಪಸ್ ನಡ್ಕೊಂಡೇ ಬರೋದು. ಹೀಗೆ ಮಾಡಿದ್ರೆ ಮೀಟರ್ ರಾಗಿ ದೋಸೆಗಿಂತ ಕಮ್ಮಿ ತೋರಿಸ್ತು ಅಂದ್ರೆ ನಂಬ್ತೀರಾ! ಬೆಣ್ಣೆ ಕಮ್ಮಿ ಹಾಕಿ ಅಂತ ಒಂದ್ಸಲ ಕೇಳಿದ್ದಕ್ಕೆ ಸಪ್ಲೈಯರ್ ನನ್ನನ್ನ ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಇಡ್ಲಿ ತಗೊಳ್ಳಿ ಸಾರ್" ಅಂದ.