ಸೈಜುಗಲ್ಲಿನ ಪಾಯವೋ, ಕಾಲಂ ಫುಟಿಂಗೋ?

ಗಟ್ಟಿಯಾದ ಕೆಂಪು ಮಣ್ಣಿನ ಮೇಲೆ ನೆಲಮಹಡಿಯ ಮನೆಯೊಂದನ್ನಷ್ಟೇ ಕಟ್ಟುವವರಿಗೆ, ಕಲ್ಲು ಹತ್ತಿರದಲ್ಲೇ ಸಿಗುವುದಾದರೆ, ಗೋಡೆಯ ಉದ್ದಕ್ಕೂ ಸಾಗಿ ಭಾರವನ್ನು ನೆಲಕ್ಕೆ ಹಂಚುವ ಸೈಜುಗಲ್ಲಿನ ಪಾಯ ಇಂದಿಗೂ ಒಳ್ಳೆಯ ಆಯ್ಕೆಯೇ. ಮುಂದೆ ಎರಡು ಮಹಡಿ ಏರಿಸುವ ಯೋಚನೆಯಿದ್ದರೆ ಮಾತ್ರ ಕಾಲಂ ಫುಟಿಂಗಿನ (ಪ್ರತಿ ಕಂಬದ ಬುಡಕ್ಕೆ ಹಾಕುವ ಅಗಲವಾದ ಕಾಂಕ್ರೀಟು ಪಾದದ) ಖರ್ಚಿಗೆ ಹಿಂಜರಿಯಬಾರದು.

ಕಲ್ಲುಕಟ್ಟಡ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಬರಿಯ ಕಾಂಕ್ರೀಟಿನ ಸ್ವಭಾವವೂ ಅದೇ. ಅದರ ಎಳೆತದ ಬಲ ಒತ್ತಡದ ಬಲದ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಆದ್ದರಿಂದಲೇ, ನೆಲ ಮೇಲಕ್ಕೆ ಒತ್ತಿದಾಗ ಎಳೆತ ಉಂಟಾಗುವ ಫುಟಿಂಗಿನ ತಳಭಾಗದಲ್ಲಿ ಕಂಬಿಯ ಜಾಲರಿ ಇಡುತ್ತಾರೆ. ಆ ಜಾಲರಿಯನ್ನು ನೇರವಾಗಿ ಮಣ್ಣಿನ ಮೇಲೆ ಮಲಗಿಸುವುದನ್ನು ಕಂಡರೆ ಕೆಲಸ ನಿಲ್ಲಿಸಿ: ಕೆಳಗೆ ಬೆಡ್ ಕಾಂಕ್ರೀಟು, ಅಂದರೆ ಮಣ್ಣಿನ ಮೇಲೆ ಹಾಸುವ ತೆಳು ಕಾಂಕ್ರೀಟು ಪದರ, ಅದರ ಮೇಲೆ ಕಂಬಿಯನ್ನು ಎತ್ತಿ ಹಿಡಿಯುವ 50 ಮಿ.ಮೀ. ಕವರ್ ಬ್ಲಾಕು ಇರಲೇಬೇಕು.

ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456:2000ರ ಪ್ರಕಾರ ಕಂಬಿ ಹಾಕುವ ಕೆಲಸಕ್ಕೆ ಕನಿಷ್ಠ ಎಂ20, ಅಂದರೆ 28 ದಿನಗಳಲ್ಲಿ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳುವ ಕಾಂಕ್ರೀಟು ಬೇಕು. ಸಲೀಸಾಗಿ ಹರಿಯಲೆಂದು ಮೇಸ್ತ್ರಿ ಸುರಿಸುವ ಇನ್ನೊಂದು ಕೊಡ ನೀರು (ಬೇಡವೆಂದರೆ ಮುನಿಸು ಖಂಡಿತ) ಆರಿದ ಮೇಲೆ ಸೂಕ್ಷ್ಮ ರಂಧ್ರಗಳನ್ನು ಉಳಿಸಿ ಆ ಬಲವನ್ನೇ ಕುಗ್ಗಿಸುತ್ತದೆ.

ಗದಗ, ವಿಜಯಪುರದ ಕಡೆಯ ಎರೆಭೂಮಿಯಲ್ಲಿ ಈ ಹೋಲಿಕೆಯೇ ಬದಲಾಗುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನಲ್ಲಿ ಕಲ್ಲಿನ ಪಾಯ ಬೇಗ ಸೀಳುತ್ತದೆ, ಆಳವಿಲ್ಲದ ಫುಟಿಂಗೂ ಕದಲುತ್ತದೆ. ಅಲ್ಲಿ ಸಾಮಾನ್ಯವಾಗಿ 3.5 ಮೀಟರಿನಷ್ಟು ಆಳಕ್ಕಿಳಿಯುವ, ಬುಡ ಅಗಲವಾದ ಕಾಂಕ್ರೀಟು ಕಂಬಗಳಾದ ಅಂಡರ್‌ರೀಮ್ಡ್ ಪೈಲ್‌ಗಳ ಬಗ್ಗೆ ಎಂಜಿನಿಯರನ್ನು ಕೇಳುವುದು ಸೂಕ್ತ.