ಭಾನುವಾರದ ಟಿಕೆಟ್, ಎರಡನೇ ಕ್ಯಾಚರ್

ನಮ್ಮ ಮನೆಯಲ್ಲಿ ಪ್ರತಿ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ಆಟಗಳಿಗೆ ಭಾನುವಾರದ ಟಿಕೆಟ್‌ಗಳನ್ನೇ ಕೊಳ್ಳುತ್ತೇವೆ. ವಾರದ ದಿನ ನನಗೆ ಕೆಲಸ, ಮಗಳಿಗೆ ಸ್ಕೂಲು. ಭಾನುವಾರ ಆದರೆ ಆರಾಮ. ಬೆಳಿಗ್ಗೆ ಮೌಂಟನ್ ವ್ಯೂನಲ್ಲಿ ಕ್ಯಾಲ್‌ಟ್ರೇನ್ ಹತ್ತಿ ಕೊನೆ ಸ್ಟೇಷನ್‌ನಲ್ಲಿ ಇಳಿದರೆ ತಂಡದ ಮೈದಾನ ಓರಾಕಲ್ ಪಾರ್ಕ್ ನಡೆದು ಹೋಗುವಷ್ಟು ಹತ್ತಿರ. ಹೊರಗಿನ ತಿಂಡಿಯನ್ನು ಒಳಗೆ ಬಿಡುತ್ತಾರೆ, ಹಾಗಾಗಿ ಚೀಲದಲ್ಲಿ ಚಿತ್ರಾನ್ನದ ಡಬ್ಬಿ ಇದ್ದೇ ಇರುತ್ತದೆ. ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಆಟ ಶುರು. ಹೋಮ್ ಪ್ಲೇಟಿನ, ಅಂದರೆ ಬ್ಯಾಟರ್ ನಿಲ್ಲುವ ಜಾಗದ, ನೇರ ಹಿಂದೆ, ಮೇಲಿನ ಮಹಡಿಯಲ್ಲಿ ನಮ್ಮ ಸೀಟು. ಎದುರಿಗೆ ಕೊಲ್ಲಿಯ ನೀರು, ದೋಣಿಗಳು. ಈ ಟಿಕೆಟ್‌ಗೆ ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಆ ಅರ್ಧ ಯಾಕೆ ಹಿಡಿದುಕೊಂಡೆ ಅಂತ ಹೇಳಬೇಕಾದರೆ ಆಟಗಳಿಲ್ಲದ ಚಳಿಗಾಲದಲ್ಲಿ, ಆಟಗಾರರನ್ನು ತರುವ ಬಿಡುವ ಹೊತ್ತಿನಲ್ಲಿ, ತಂಡ ಏನು ಮಾಡುತ್ತದೆ ಅನ್ನುವುದನ್ನು ಹೇಳಬೇಕು.

ಭಾನುವಾರದ ಟಿಕೆಟ್ ಕೊಂಡವರ ಕಣ್ಣಿಗೆ ಜಾಸ್ತಿ ಬೀಳುವವನು ತಂಡದ ಎರಡನೇ ಕ್ಯಾಚರ್. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಥರ, ಆದರೆ ಮೈ ಸವೆಯುವುದು ಅದಕ್ಕಿಂತ ಜಾಸ್ತಿ. ಒಂದೊಂದು ಆಟದಲ್ಲಿ ನೂರಕ್ಕೂ ಹೆಚ್ಚು ಸಲ ಕುಕ್ಕರುಗಾಲಲ್ಲಿ ಕೂರಬೇಕು, ಏಳಬೇಕು. ಒಂದು ಸೀಸನ್‌ಗೆ 162 ಆಟ. ಶನಿವಾರ ಸಂಜೆ ಆಡಿದವನನ್ನೇ ಭಾನುವಾರ ಮಧ್ಯಾಹ್ನ ಮತ್ತೆ ಕೂರಿಸಿದರೆ ಅವನ ಮೊಣಕಾಲು ಸೆಪ್ಟೆಂಬರ್‌ವರೆಗೆ ಬಾಳುವುದಿಲ್ಲ. ಅದಕ್ಕೇ ರಾತ್ರಿ ಆಟದ ಮರುದಿನ ಹಗಲು ಆಟ ಇದ್ದರೆ ಮೊದಲನೆಯವನಿಗೆ ರಜೆ.

"ಅಪ್ಪಾ, ಇವತ್ತೂ ಬೇಯ್ಲಿ ಇಲ್ವಾ?" ಅಂತ ತಂಡದ ಮೊದಲ ಕ್ಯಾಚರ್ ಬಗ್ಗೆ ಮಗಳು ಕೇಳುತ್ತಿದ್ದಳು.

"ಇಲ್ಲ ಪುಟ್ಟಾ, ನಿನ್ನೆ ರಾತ್ರಿ ಆಡಿದ್ದಾನೆ. ಇವನನ್ನು ನೋಡು, ಇವನೂ ಚೆನ್ನಾಗಿ ಆಡ್ತಾನೆ."

ನಾನು ಈ ಮಾತನ್ನು ಮನಸ್ಸಿನಿಂದಲೇ ಹೇಳುತ್ತಿದ್ದೆ. ದಾವಣಗೆರೆಯಲ್ಲಿ ಓದುವಾಗ ನಾನು ಕಾಲೇಜು ತಂಡದ ಎರಡನೇ ಕೀಪರ್ ಆಗಿದ್ದೆ. ಮೂರು ವರ್ಷದಲ್ಲಿ ಆಡಿದ್ದು ನಾಲ್ಕು ಮ್ಯಾಚ್. ಉಳಿದ ದಿನ ಎಲ್ಲರಿಗಿಂತ ಮುಂಚೆ ಬಂದು ಬೌಲರ್‌ಗಳಿಗೆ ನೆಟ್ಸ್‌ನಲ್ಲಿ ಕೀಪಿಂಗ್ ಮಾಡುವ ಕೆಲಸ. ನಮ್ಮ ಕಿರ್ಮಾನಿ ಅವರು 1971ರಲ್ಲೇ ಬದಲಿ ಕೀಪರ್ ಆಗಿ ಇಂಗ್ಲೆಂಡ್ ಪ್ರವಾಸಕ್ಕೆ ಹೋಗಿದ್ದರು. ಅವರಿಗೆ ಮೊದಲ ಟೆಸ್ಟ್ ಸಿಕ್ಕಿದ್ದು 1976ರಲ್ಲಿ, ಆಕ್ಲೆಂಡ್‌ನಲ್ಲಿ. ಅಷ್ಟು ವರ್ಷ ಗ್ಲೌಸ್ ಹಾಕಿಕೊಂಡು ಕಾಯುವುದು ಎಂಥ ಕೆಲಸ ಅಂತ ನನಗೆ ಸ್ವಲ್ಪ ಗೊತ್ತು. ಹಾಗಾಗಿ ಚಳಿಗಾಲ ಬಂತೆಂದರೆ ಜೈಂಟ್ಸ್ ಯಾವ ದೊಡ್ಡ ಬ್ಯಾಟರ್ ತಂದರು ಅನ್ನುವುದಕ್ಕಿಂತ ಮೊದಲ ಕ್ಯಾಚರ್‌ಗೆ ಬದಲಿಯಾಗಿ ಯಾರನ್ನು ಇಟ್ಟರು ಅಂತ ನೋಡುತ್ತೇನೆ.

ಪ್ಯಾಟ್ರಿಕ್ ಬೇಯ್ಲಿ ಬಗ್ಗೆ ಹೆಚ್ಚು ಹೇಳುವುದು ಬೇಡ. 2024ರಲ್ಲಿ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌ ಪ್ರಶಸ್ತಿ, 2025ರಲ್ಲಿ ಮತ್ತೆ ಗೋಲ್ಡ್ ಗ್ಲೌ. ಅಂಚಿನಲ್ಲಿ ಬಂದ ಚೆಂಡನ್ನು ಹಿಡಿದು, ಅದು ಸ್ಟ್ರೈಕ್ (ಬ್ಯಾಟರ್ ಹೊಡೆಯಬೇಕಿದ್ದ ಸರಿಯಾದ ಎಸೆತ) ಅಂತ ಅಂಪೈರ್‌ಗೆ ಅನ್ನಿಸುವ ಹಾಗೆ ನಿಲ್ಲಿಸುವುದರಲ್ಲಿ ಅವನಿಗೆ ಸಾಟಿ ಕಡಿಮೆ. ಮಾತಾಡಬೇಕಾದ್ದು ಎರಡನೇ ಕುರ್ಚಿಯ ಬಗ್ಗೆ.

2022ರ ಕೊನೆಯ ಚಳಿಗಾಲದಲ್ಲಿ ಬ್ಲೇಕ್ ಸೇಬಲ್ ಬಂದ, ಅನುಭವಿ ರಾಬರ್ಟೊ ಪೆರೆಜ್ ಬಂದ. ಪೆರೆಜ್‌ನ ಭುಜ ಏಪ್ರಿಲ್‌ನಲ್ಲೇ ಹೋಯಿತು. ಮೇ ತಿಂಗಳಲ್ಲಿ ಕೆಳಗಿನ ಲೀಗ್‌ನಿಂದ ಬೇಯ್ಲಿ ಮೇಲೆ ಬಂದು ಜಾಗ ಹಿಡಿದ. ಆ ವರ್ಷ ಉಳಿಸಿದ್ದು ಅದೃಷ್ಟ.

ಅದರ ಮುಂದಿನ ಚಳಿಗಾಲದ ಬಗ್ಗೆ ನನಗೆ ಇನ್ನೂ ಬೇಜಾರಿದೆ. ಟಾಮ್ ಮರ್ಫಿಗೆ ಎರಡು ವರ್ಷಕ್ಕೆ 82.5 ಲಕ್ಷ ಡಾಲರ್ ಒಪ್ಪಂದ ಆಯಿತು. ಮರ್ಫಿ ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. 2023ರಲ್ಲಿ ಸಿಯಾಟಲ್‌ನಲ್ಲಿ ಆಡಿದ 47 ಆಟಗಳಲ್ಲಿ ಚೆನ್ನಾಗಿ ಬ್ಯಾಟ್ ಬೀಸಿದ್ದ. ಆದರೆ ಆ 47 ಅನ್ನುವ ಲೆಕ್ಕವನ್ನೇ ನೋಡಿ. ಹೆಬ್ಬೆರಳು ನೋವಾಗಿ ಆ ಸೀಸನ್ ಅಲ್ಲಿಗೇ ಮುಗಿದಿತ್ತು. ಅದರ ಹಿಂದಿನ ವರ್ಷ ಭುಜ ಜಾರಿ ಆಡಿದ್ದು ಬರೀ 14 ಆಟ. ಮೊದಲನೆಯವನು ಬಿದ್ದಾಗ ನಿಲ್ಲಬೇಕಾದವನನ್ನು ಆರಿಸುವಾಗ ಮೊದಲು ನೋಡಬೇಕಾದ್ದು ಅವನು ನಿಲ್ಲುತ್ತಾನಾ ಅನ್ನುವುದನ್ನೇ ಅಲ್ವಾ?

ಮರ್ಫಿ ಬಂದದ್ದರಿಂದ ಜೋಯಿ ಬಾರ್ಟ್‌ಗೆ ಜಾಗ ಇಲ್ಲದಾಯಿತು. 2018ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವ ದಿನ) ಇಡೀ ದೇಶಕ್ಕೆ ಎರಡನೆಯವನಾಗಿ ಆರಿಸಿದ ಹುಡುಗ. ಬಹುಕಾಲ ಮೊದಲ ಕ್ಯಾಚರ್ ಆಗಿದ್ದ ಬಸ್ಟರ್ ಪೋಸಿ ನಿವೃತ್ತರಾಗಿ ಬಿಟ್ಟ ಜಾಗವನ್ನು ತುಂಬುತ್ತಾನೆ ಅಂತ ಅವನ ಮೇಲೆ ಭಾರ ಹೊರಿಸಿದ್ದರು. ಅವನನ್ನು ಇನ್ನು ಕೆಳಗಿನ ಲೀಗ್‌ಗೆ ಸುಮ್ನೆ ಕಳಿಸಲು ನಿಯಮದಲ್ಲಿ ಅವಕಾಶ ಇರಲಿಲ್ಲ. ಹಾಗಾಗಿ 2024ರ ಏಪ್ರಿಲ್ ಶುರುವಿನಲ್ಲಿ ಪಿಟ್ಸ್‌ಬರ್ಗ್‌ಗೆ ಕೊಟ್ಟುಬಿಟ್ಟರು. ಒಂದು ತಿಂಗಳು ಕಳೆಯಿತು. ಮೇ ಮೊದಲ ವಾರ ಬೇಯ್ಲಿಗೆ ತಲೆಗೆ ಪೆಟ್ಟು, ಕನ್ಕಶನ್. ಅದೇ ದಿನಗಳಲ್ಲಿ ಮರ್ಫಿಯ ಮೊಣಕಾಲು ಹೋಯಿತು. ಇಬ್ಬರೂ ಹೊರಗೆ! ಆಮೇಲೆ ಹಿಂದೆ ಇಲ್ಲೇ ಆಡಿದ್ದ ಕರ್ಟ್ ಕಸಾಲಿಯನ್ನು ಮತ್ತೆ ಕರೆಸಿದರು. ಅತ್ತ ಬಾರ್ಟ್ ಪಿಟ್ಸ್‌ಬರ್ಗ್‌ನಲ್ಲಿ ಆ ವರ್ಷ 80 ಆಟದಲ್ಲಿ 13 ಹೋಮ್ ರನ್ ಹೊಡೆದ. ಮರ್ಫಿ ಜೈಂಟ್ಸ್ ಪರ ಆ ಒಪ್ಪಂದದಲ್ಲಿ ಒಟ್ಟು ಆಡಿದ್ದು 13 ಆಟ. 2025ರಲ್ಲಿ ಬೆನ್ನುನೋವಿನಿಂದ ಒಂದೂ ಇಲ್ಲ. ಆ ಚಳಿಗಾಲಕ್ಕೆ ನನ್ನ ಕಡೆಯಿಂದ ಒಂದೂವರೆ ನಕ್ಷತ್ರ. ಮರ್ಫಿಯ ತಪ್ಪಿಗೆ ಅಲ್ಲ, ಪಾಪ, ನೋವು ಯಾರಿಗೆ ಬೇಕು? ಮೂರನೆಯವನನ್ನು ಉಳಿಸಿಕೊಳ್ಳಲು ದಾರಿ ಹುಡುಕದ್ದಕ್ಕೆ.

ಎರಡನೇ ಕ್ಯಾಚರ್ ಅಂದರೆ ಅಷ್ಟೊಂದು ಮುಖ್ಯವಾ ಅಂತ ಕೇಳುವವರಿಗೆ 2011 ನೆನಪಿಸುತ್ತೇನೆ. ಹಿಂದಿನ ವರ್ಷ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಗೆದ್ದ ತಂಡ. ಮೇ 25ರ ರಾತ್ರಿ ಓಡಿಬಂದ ಆಟಗಾರ ಪ್ಲೇಟಿನಲ್ಲಿ ಡಿಕ್ಕಿ ಹೊಡೆದು ಪೋಸಿ ಅವರ ಕಾಲು ಮುರಿಯಿತು. ಉಳಿದ ಸೀಸನ್ ಪೂರ್ತಿ ಈಲೈ ವೈಟ್‌ಸೈಡ್ ಮತ್ತು ಕ್ರಿಸ್ ಸ್ಟೂವರ್ಟ್ ಕೂತರು. ತಂಡ ಪ್ಲೇಆಫ್‌ಗೂ ಹೋಗಲಿಲ್ಲ. ಇನ್ನೊಂದು ಕಡೆ, 2014ರ ಜೂನ್ 25, ಬುಧವಾರ ಮಧ್ಯಾಹ್ನ, ಪಿಚರ್ (ನಮ್ಮ ಬೌಲರ್ ಥರ) ಟಿಮ್ ಲಿನ್ಸೆಕಮ್ ಪ್ಯಾಡ್ರೆಸ್ ತಂಡದ ವಿರುದ್ಧ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಆಟ) ಎಸೆದ ದಿನ ಅವನ ಚೆಂಡು ಹಿಡಿದವನು ಹೆಕ್ಟರ್ ಸ್ಯಾಂಚೆಜ್. ಪೋಸಿಯ ಬದಲಿ. ಹಗಲು ಆಟ, ಎರಡನೇ ಕ್ಯಾಚರ್, ಒಂದೂ ಹಿಟ್ ಇಲ್ಲ. ಹಗಲು ಆಟದ ಟಿಕೆಟ್‌ಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕಾ?

ಈಗ ಆ ಪೋಸಿ ಅವರೇ ತಂಡದ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ. ಕ್ಯಾಚರ್ ಕಷ್ಟ ಗೊತ್ತಿರುವವರು ಬಂದರು ಅಂತ ನನಗೆ ತುಂಬಾ ಖುಷಿಯಾಗಿತ್ತು. ಅವರ ಮೊದಲ ಚಳಿಗಾಲ ಎರಡನೇ ಕುರ್ಚಿಯ ಮಟ್ಟಿಗೆ ಸಾಧಾರಣ. 2025ರ ಜನವರಿಯಲ್ಲಿ ಟೆಕ್ಸಸ್ ಬಿಟ್ಟ ಸ್ಯಾಮ್ ಹಫ್‌ನನ್ನು ತೆಗೆದುಕೊಂಡರು. ಮರ್ಫಿ ಹಾಸಿಗೆ ಹಿಡಿದಾಗ ಅವನೇ ಬದಲಿಯಾದ. ಜೂನ್‌ನಲ್ಲಿ ಅವನನ್ನು ಬಿಟ್ಟು ಆಂಡ್ರ್ಯೂ ಕಿಜ್ನರ್ ಬಂದ. ಕಿಜ್ನರ್ ಬಂದ ಮೇಲೆ ನಮ್ಮ ಭಾನುವಾರಗಳು ಸ್ವಲ್ಪ ನೆಮ್ಮದಿಯಾದವು. ಬ್ಯಾಟ್ ದೊಡ್ಡದಲ್ಲ, ಆದರೆ ಪ್ಲೇಟಿನ ಹಿಂದೆ ಗಡಿಬಿಡಿ ಇರಲಿಲ್ಲ.

ಮೇಲಿನ ಮಹಡಿಯಿಂದ ಇದು ಟಿವಿಗಿಂತ ಚೆನ್ನಾಗಿ ಕಾಣುತ್ತದೆ. ಚೆಂಡು ಪ್ಲೇಟಿನ ಮುಂದೆ ಮಣ್ಣಿಗೆ ಬೀಳುತ್ತದೆ, ಬೇಸ್‌ನಲ್ಲಿ ಎದುರಾಳಿ ಓಡಲು ಕಾಯುತ್ತಿದ್ದಾನೆ. ಕಲಿತ ಕ್ಯಾಚರ್ ಗ್ಲೌಸ್ ಚಾಚುವುದಿಲ್ಲ. ಎರಡೂ ಮೊಣಕಾಲು ಒಟ್ಟಿಗೆ ನೆಲಕ್ಕೆ ಊರುತ್ತಾನೆ, ಕೈಗವಸನ್ನು ಕಾಲುಗಳ ನಡುವೆ ಮುಚ್ಚುತ್ತಾನೆ, ಗದ್ದ ಎದೆಗೆ ಒತ್ತಿ ಭುಜ ಮುಂದಕ್ಕೆ ಬಾಗಿಸುತ್ತಾನೆ. ಚೆಂಡು ಎದೆಗೆ ಬಡಿದು ಅಲ್ಲೇ ಮುಂದೆ ಸತ್ತು ಬೀಳುತ್ತದೆ. ಓಡಲು ಹೊರಟವನು ವಾಪಸ್. ಸ್ಕೋರ್‌ಬೋರ್ಡ್‌ನಲ್ಲಿ ಏನೂ ಬದಲಾಗುವುದಿಲ್ಲ, ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ನಾವಿಬ್ಬರು ಹೊಡೆಯುತ್ತೇವೆ.

2025ರ ಕೊನೆಯ ಚಳಿಗಾಲದಲ್ಲಿ ಕಿಜ್ನರ್ ಹೋದ. ಬೇರೆ ತಂಡಗಳು ಕೆಳಗಿನ ಲೀಗ್‌ನಲ್ಲಿ ಇಟ್ಟಿರುವ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ರೂಲ್ 5 ಡ್ರಾಫ್ಟ್ ಅನ್ನುತ್ತಾರೆ. ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಮಿನೆಸೋಟಾ ಆರಿಸಿದ ಡೇನಿಯಲ್ ಸೂಸ್ಯಾಕ್‌ನನ್ನು ಜೈಂಟ್ಸ್ ತಮ್ಮ ಕಡೆ ತಂದುಕೊಂಡರು. 2014ರಲ್ಲಿ ಇದೇ ತಂಡದಲ್ಲಿ ಪೋಸಿಗೆ ಬದಲಿಯಾಗಿದ್ದ ಆಂಡ್ರ್ಯೂ ಸೂಸ್ಯಾಕ್‌ನ ತಮ್ಮ ಇವನು. ಅಣ್ಣ ಕೂತ ಕುರ್ಚಿಗೆ ತಮ್ಮ, ಅದೂ ಪೋಸಿ ಅವರ ಕೈಯಿಂದ! ನನಗಂತೂ ಕೇಳಿಯೇ ಖುಷಿಯಾಯಿತು. ಆದರೆ ರೂಲ್ 5ರ ಕಟ್ಟುಪಾಡು ಗಟ್ಟಿ. ಅವನನ್ನು ಇಡೀ ಸೀಸನ್ ಮೇಲಿನ ತಂಡದಲ್ಲೇ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಬಿಟ್ಟುಕೊಡಬೇಕು, ಹಳೆಯ ತಂಡಕ್ಕೆ ವಾಪಸ್ ಪಡೆಯುವ ಹಕ್ಕಿರುತ್ತದೆ. ಕಲಿಯಲು ಕೆಳಗೆ ಕಳಿಸುವ ಹಾಗಿಲ್ಲ, ನಮ್ಮ ಕಣ್ಣೆದುರೇ ಕಲಿಯಬೇಕು. ಜೊತೆಗೆ 2026ರಿಂದ, ಎಸೆತ ಸ್ಟ್ರೈಕ್ ಹೌದೋ ಅಲ್ಲವೋ ಅನ್ನುವ ಅಂಪೈರ್ ತೀರ್ಪನ್ನು ಪ್ರಶ್ನಿಸುವ ಹೊಸ ಪದ್ಧತಿ ಬಂದಿದೆ. ಕೇಳಬಹುದಾದವರು ಬ್ಯಾಟರ್, ಪಿಚರ್, ಕ್ಯಾಚರ್ ಮಾತ್ರ. ತಂಡಕ್ಕೆ ಎರಡೇ ಅವಕಾಶ, ಸರಿಯಾಗಿ ಕೇಳಿದರೆ ಉಳಿಯುತ್ತದೆ, ತಪ್ಪಿದರೆ ಕಳೆದುಹೋಗುತ್ತದೆ. ತಂಡ ಕೂರುವ ಡಗ್‌ಔಟ್ ಕಡೆ ನೋಡುವ ಹಾಗಿಲ್ಲ, ಕ್ಷಣದಲ್ಲಿ ನಿರ್ಧಾರ ಮಾಡಬೇಕು. ಹೊಸ ಹುಡುಗನಿಗೆ ಇದು ದೊಡ್ಡ ಪರೀಕ್ಷೆ.

ಆದರೂ ಆ ಚಳಿಗಾಲಕ್ಕೆ ಮೂರೂವರೆ ನಕ್ಷತ್ರ ಕೊಡುತ್ತೇನೆ. ಸವೆದ ಮೊಣಕಾಲಿಗೆ ದುಡ್ಡು ಹಾಕುವ ಬದಲು ಬೆಳೆಯುವ ಹುಡುಗನಿಗೆ ಜಾಗ ಕೊಟ್ಟಿದ್ದಾರೆ. 2025ರ ಜುಲೈನಲ್ಲಿ ಯಾಂಕೀಸ್ ತಂಡದ ಜೊತೆಗಿನ ಅದಲುಬದಲಿಯಲ್ಲಿ ಬಂದ ಹೆಸೂಸ್ ರೊಡ್ರಿಗೆಸ್ ಕೂಡ ಕ್ಯಾಚರ್. 2024ರಲ್ಲಿ ಇಲ್ಲದ ಮೂರನೇ ಕೈ ಈಗ ಮನೆಯಲ್ಲೇ ಇರಲಿ ಅನ್ನುವುದು ನನ್ನ ಆಸೆ.

ನೀವೂ ಭಾನುವಾರ ಹೋಗುವುದಾದರೆ ಆಟಕ್ಕೆ ಅರ್ಧ ಗಂಟೆ ಮುಂಚೆ ಸೀಟಿನಲ್ಲಿರಿ. ಸೆಂಟರ್ ಫೀಲ್ಡ್ ಗೋಡೆಯ ಆಚೆ ಪಿಚರ್‌ಗಳು ಆಟಕ್ಕೆ ಮುಂಚೆ ಎಸೆದು ಅಭ್ಯಾಸ ಮಾಡುವ ಬುಲ್‌ಪೆನ್ ಇದೆ. ಪಿಚರ್ ಅಲ್ಲಿಂದ ಹೊರಬಂದು ಹುಲ್ಲಿನ ಮೇಲೆ ಡಗ್‌ಔಟ್‌ವರೆಗೆ ನಡೆದು ಬರುವಾಗ ಪಕ್ಕದಲ್ಲಿ ಕಾಲುಕವಚ ಕಟ್ಟಿಕೊಂಡು ಮಾತಾಡುತ್ತಾ ಬರುವವನೇ ಆ ದಿನದ ಕ್ಯಾಚರ್. ಸೀಟು ಹೋಮ್ ಪ್ಲೇಟಿನ ಹಿಂದೆ, ಮೂರನೇ ಬೇಸ್ ಕಡೆಗೆ ವಾಲಿರಲಿ, ಸಾಲು ಆದಷ್ಟು ಮೇಲಿನದಿರಲಿ, ಮಧ್ಯಾಹ್ನ ನೆರಳು ಬೇಗ ಸಿಗುತ್ತದೆ. ಸ್ವೆಟರ್ ಮರೆಯಬೇಡಿ, ನೆರಳಿನ ಜೊತೆ ಕೊಲ್ಲಿಯ ಗಾಳಿಯೂ ಬರುತ್ತದೆ.