ಗ್ರಾಫೀನ್–ಟೈಟೇನಿಯಾ ಸಿದ್ಧ ಪುಡಿ ಮತ್ತು ಗ್ರಾಫೀನ್ ಆಕ್ಸೈಡ್ ದ್ರವ: ಮಂಡ್ಯದ ಕಾಲೇಜು ಪ್ರಯೋಗಾಲಯದಲ್ಲಿ ಬಳಸಿ ನೋಡಿದ ಮೇಲೆ

ಮಂಡ್ಯದ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಹೇಳುವ ನಾನು ಈ ವರ್ಷ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟಿಗಾಗಿ ಒಂದೇ ಸರಬರಾಜುದಾರರಿಂದ ಎರಡು ವಸ್ತುಗಳನ್ನು ತರಿಸಿದೆ. ಮೊದಲನೆಯದು ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಮತ್ತು ಟೈಟೇನಿಯಂ ಡೈಆಕ್ಸೈಡನ್ನು (ಟೈಟೇನಿಯಾ) ಬೆಸೆದ ಸಿದ್ಧ ಪುಡಿ, 2 ಗ್ರಾಂ. ಎರಡನೆಯದು ನೀರಿನಲ್ಲಿ ಹರಡಿದ ಗ್ರಾಫೀನ್ ಆಕ್ಸೈಡ್ (ಆಮ್ಲಜನಕ ಸೇರಿದ ಗ್ರಾಫೀನ್), ಮಿಲಿಲೀಟರಿಗೆ 2 ಮಿಲಿಗ್ರಾಂ ಸಾಂದ್ರತೆಯ 100 ಮಿಲಿ ಬಾಟಲಿ. ಪುಡಿಯ 1 ಗ್ರಾಂಗೆ ಕೊಟ್ಟ ಹಣದಲ್ಲಿ ಸಾದಾ ಟೈಟೇನಿಯಂ ಡೈಆಕ್ಸೈಡಿನ ಅರ್ಧ ಕಿಲೋ ಡಬ್ಬವನ್ನೇ ಕೊಳ್ಳಬಹುದಿತ್ತು. ನಮ್ಮಂಥ ಕಾಲೇಜಿನ ಅನುದಾನದಲ್ಲಿ ಇದು ಸಣ್ಣ ಮೊತ್ತವಲ್ಲವಾದ್ದರಿಂದ, ಇದೇ ವಸ್ತುವನ್ನು ಕೊಳ್ಳಬೇಕೆಂದಿರುವ ಇತರ ಅಧ್ಯಾಪಕರಿಗೆ ನೆರವಾಗಲೆಂದು ನಮ್ಮ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಈ ಪುಡಿಯಿಂದ ನಾವು ಏನನ್ನು ಬಯಸುತ್ತೇವೆ ಎಂಬುದನ್ನು ಮೊದಲು ಹೇಳಬೇಕು: ಬೆಳಕಿನ ಶಕ್ತಿಯಿಂದ ಅದು ನೀರಿನಲ್ಲಿರುವ ಬಣ್ಣದಂಥ ವಸ್ತುಗಳನ್ನು ಒಡೆಯಬೇಕು. ಟೈಟೇನಿಯಂ ಡೈಆಕ್ಸೈಡಿನ ಅನಟೇಸ್ ಎಂಬ ಸ್ಫಟಿಕ ರೂಪದ ಶಕ್ತಿ ಅಂತರ, ಅಂದರೆ ಎಲೆಕ್ಟ್ರಾನು ಮೇಲಿನ ಶಕ್ತಿಪಟ್ಟಿಗೆ ಜಿಗಿಯಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಆದ್ದರಿಂದ ಸುಮಾರು 387 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ನೇರಳಾತೀತ ಬೆಳಕು ಬಿದ್ದಾಗ ಮಾತ್ರ ಅದರೊಳಗಿನ ಎಲೆಕ್ಟ್ರಾನು ಮೇಲಿನ ಪಟ್ಟಿಗೆ ಜಿಗಿಯುತ್ತದೆ, ಕೆಳಗೆ ಒಂದು ರಂಧ್ರ (ಎಲೆಕ್ಟ್ರಾನಿಲ್ಲದ ಖಾಲಿ ಜಾಗ) ಉಳಿಯುತ್ತದೆ. ಹಾಗೆ ಜಿಗಿದ ಎಲೆಕ್ಟ್ರಾನುಗಳಲ್ಲಿ ಬಹುಪಾಲು ಕ್ಷಣಮಾತ್ರದಲ್ಲಿ ಹಿಂದಿರುಗಿ ರಂಧ್ರವನ್ನು ಸೇರುತ್ತವೆ. ಹೀರಿದ ಬೆಳಕು ಶಾಖವಾಗಿ ವ್ಯರ್ಥವಾಗುತ್ತದೆ. ಪಕ್ಕದಲ್ಲಿ ಗ್ರಾಫೀನ್ ಹಾಳೆ ಅಂಟಿಕೊಂಡಿದ್ದರೆ ಎಲೆಕ್ಟ್ರಾನು ಅದರೊಳಕ್ಕೆ ಹರಿದುಹೋಗಿ ರಂಧ್ರದಿಂದ ದೂರವಾಗುತ್ತದೆ, ಎರಡಕ್ಕೂ ಬೇರೆ ಬೇರೆ ಕೆಲಸ ಮಾಡುವಷ್ಟು ಸಮಯ ಸಿಗುತ್ತದೆ. ಬೆಳಕಿನಿಂದ ನಡೆಯುವ ಈ ವಿದ್ಯುದಾವೇಶ ವರ್ಗಾವಣೆಯೇ ಮಿಶ್ರವಸ್ತುವಿನ ಪ್ರಾಣ. ಅದು ನಡೆಯದಿದ್ದರೆ ಬಾಟಲಿಯಲ್ಲಿರುವುದು ಬಿಳಿ ಪುಡಿ ಮತ್ತು ಕರಿ ಪುಡಿಯ ಬೆರಕೆ ಮಾತ್ರ.

ಬೆಳಕು ಎಲೆಕ್ಟ್ರಾನನ್ನು ಕದಲಿಸುವುದನ್ನು ನಮ್ಮ ಭಾಗದ ಮಕ್ಕಳಿಗೆ ತಿಳಿಸಲು ನಾನು ಮತದಾನದ ಶಾಯಿಯಿಂದ ಆರಂಭಿಸುತ್ತೇನೆ. 1962ರ ಚುನಾವಣೆಯಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿರುವ ಆ ಶಾಯಿಯಲ್ಲಿ ಬೆಳ್ಳಿಯ ನೈಟ್ರೇಟ್ ಇದೆ. ಬೆಳಕು ಬಿದ್ದಂತೆ ಬೆಳ್ಳಿಯ ಅಯಾನು ಎಲೆಕ್ಟ್ರಾನನ್ನು ಪಡೆದು ಲೋಹವಾಗುತ್ತದೆ, ಬೆರಳ ಮೇಲಿನ ಗುರುತು ಕಪ್ಪಾಗುತ್ತದೆ. ತಮ್ಮ ಮನೆಯವರ ಬೆರಳಿನಲ್ಲೇ ಕಂಡದ್ದನ್ನು ನೆನೆದ ಮೇಲೆ ಬೀಕರಿನಲ್ಲಿ ನಡೆಯುವುದು ಅವರಿಗೆ ಪರಕೀಯವೆನಿಸುವುದಿಲ್ಲ.

ಇನ್ನು ಪುಡಿಯ ವಿಷಯ. ಇದರೊಂದಿಗೆ ಬಂದ ಹಾಳೆಯಲ್ಲಿ, ಮಿಥಿಲೀನ್ ಬ್ಲೂ ಬಣ್ಣದ ನೀರನ್ನು ಬಿಸಿಲಿನಲ್ಲಿ ಕೆಲವೇ ನಿಮಿಷಗಳಲ್ಲಿ ತಿಳಿಯಾಗಿಸುತ್ತದೆ ಎಂದು ಬರೆದಿದ್ದರು. ಮಾರ್ಚ್ ತಿಂಗಳ ನಡುಹಗಲಿನಲ್ಲಿ ಕಾಲೇಜಿನ ತಾರಸಿಯ ಮೇಲೆ ವಿದ್ಯಾರ್ಥಿಗಳು ಮಾಡಿ ನೋಡಿದಾಗ ಬಣ್ಣ ನಿಜಕ್ಕೂ ಬೇಗ ಹೋಯಿತು, ಎಲ್ಲರೂ ಸಂತೋಷಪಟ್ಟರು. ಮರುದಿನ ಅದೇ ಪ್ರಯೋಗವನ್ನು ಬೀಕರಿಗೆ ಕಪ್ಪು ಕಾಗದ ಸುತ್ತಿ, ಬೀರುವಿನೊಳಗಿಟ್ಟು ಮಾಡಲು ಹೇಳಿದೆ. ಅರ್ಧ ಗಂಟೆಯ ನಂತರ ಪುಡಿಯನ್ನು ಸೆಂಟ್ರಿಫ್ಯೂಜಿನಲ್ಲಿ ಇಳಿಸಿ ಈ ಬಣ್ಣ ಹೆಚ್ಚಾಗಿ ಹೀರುವ 664 ನ್ಯಾನೊಮೀಟರಿನ ಬೆಳಕಿನಲ್ಲಿ ಅಳೆದರೆ, ಕತ್ತಲೆಯಲ್ಲಿಯೇ ಅರ್ಧಕ್ಕಿಂತ ಹೆಚ್ಚು ಬಣ್ಣ ಕಾಣೆಯಾಗಿತ್ತು. ಅದು ಒಡೆದಿರಲಿಲ್ಲ. ಮಿಥಿಲೀನ್ ಬ್ಲೂವಿನ ಚಪ್ಪಟೆ ಅಣುಗಳು ಗ್ರಾಫೀನಿನ ಷಟ್ಕೋನ ಜಾಲದ ಮೇಲೆ ಸಲೀಸಾಗಿ ಅಂಟಿ ಕೂರುತ್ತವೆ. ಪುಡಿಯನ್ನು ಆಲ್ಕೋಹಾಲಿನಲ್ಲಿ ತೊಳೆದಾಗ ನೀಲಿ ಮತ್ತೆ ಹೊರಬಂದದ್ದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಂಡರು. ಕತ್ತಲೆಯ ಈ ಹಂತವನ್ನು ಬಿಟ್ಟು, ಹೋದ ಬಣ್ಣವನ್ನೆಲ್ಲ ಬೆಳಕಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಹಾಳೆಯಲ್ಲಿ ಆ ಹಂತದ ಪ್ರಸ್ತಾಪವೇ ಇಲ್ಲ.

ಮಿಥಿಲೀನ್ ಬ್ಲೂ ಬಣ್ಣದಲ್ಲಿ ಇನ್ನೂ ಒಂದು ತೊಡಕಿದೆ. ಅದು ತಾನೇ ಕೆಂಪು ಬೆಳಕನ್ನು ಹೀರಿ ಟೈಟೇನಿಯಾಕ್ಕೆ ಎಲೆಕ್ಟ್ರಾನ್ ಕೊಡಬಲ್ಲದು, ಆದ್ದರಿಂದ ಪುಡಿ ಗೋಚರ ಬೆಳಕಿನಲ್ಲಿ ಕೆಲಸ ಮಾಡುತ್ತದೆ ಎಂಬ ಮಾತಿಗೆ ಅದು ಸಾಕ್ಷಿಯಾಗಲಾರದು. ಬಣ್ಣವಿಲ್ಲದ ಫಿನಾಲನ್ನು ಬಳಸುವುದು ಉತ್ತಮ. ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಫಿನಾಲ್ ದ್ರಾವಣಗಳನ್ನು ಅಳೆದುಕೊಟ್ಟಳು. ಬಿಳಿ ಎಲ್‌ಇಡಿ ದೀಪದ ಕೆಳಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಿಸಿಲಿನಲ್ಲಿ ಸಾದಾ ಟೈಟೇನಿಯಂ ಡೈಆಕ್ಸೈಡಿಗಿಂತ ಈ ಪುಡಿ ಕೊಂಚ ಮುಂದಿತ್ತು, ಆದರೆ ಬೆಲೆಯ ಅಂತರಕ್ಕೆ ಹೊಂದುವಷ್ಟಲ್ಲ.

ಪುಡಿಯಲ್ಲಿ ಗ್ರಾಫೀನ್ ಇರುವುದು ದಿಟ ಎಂದು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಅದೇ ವಿದ್ಯಾರ್ಥಿನಿ ತೆಗೆಸಿದ ರಾಮನ್ ರೋಹಿತದಲ್ಲಿ (ಚದುರಿದ ಬೆಳಕಿನಿಂದ ವಸ್ತುವನ್ನು ಗುರುತಿಸುವ ನಕ್ಷೆ) ಇಂಥ ಇಂಗಾಲದ ಗುರುತಾದ, ಸೆಂಟಿಮೀಟರಿಗೆ 1350 ಮತ್ತು 1580ರ ಆಸುಪಾಸಿನ ಎರಡು ಶಿಖರಗಳು ಸ್ಪಷ್ಟವಾಗಿದ್ದವು. ಆದರೆ ಸರಬರಾಜುದಾರರು ಅದಕ್ಕೆ ಪುರಾವೆಯೆಂದು ಕಳಿಸಿದ್ದು ಎಕ್ಸ್-ರೇ ವಿವರ್ತನೆಯ ನಕ್ಷೆಯನ್ನು. ಅನಟೇಸಿನ ಮುಖ್ಯ ಶಿಖರ 25.3 ಡಿಗ್ರಿಯಲ್ಲಿ ಬರುತ್ತದೆ, ಅಪಕರ್ಷಿಸಿದ (ಎಲೆಕ್ಟ್ರಾನ್ ಕೊಟ್ಟು ಆಮ್ಲಜನಕ ಕಳೆದ) ಗ್ರಾಫೀನ್ ಆಕ್ಸೈಡಿನ ಅಗಲವಾದ ದುರ್ಬಲ ಶಿಖರವೂ ಅಲ್ಲಿಯೇ ಬಂದು ಅದರಡಿ ಮುಚ್ಚಿಹೋಗುತ್ತದೆ. ಗ್ರಾಫೀನ್ ಶೇಕಡಾ ಎಷ್ಟಿದೆ ಎಂದು ಎರಡು ಬಾರಿ ಫೋನಿನಲ್ಲಿ ಕೇಳಿದರೂ ಅಂಕಿ ಸಿಗಲಿಲ್ಲ. ಇದು ಸಣ್ಣ ಕೊರತೆಯಲ್ಲ. ಗ್ರಾಫೀನಿನ ಒಂದೇ ಪದರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 2.3ರಷ್ಟನ್ನು ಹೀರುತ್ತದೆ, ಪದರಗಳು ಹೆಚ್ಚಿದಂತೆ ಟೈಟೇನಿಯಾಕ್ಕೆ ತಲುಪಬೇಕಾದ ಬೆಳಕಿಗೆ ಅವೇ ಅಡ್ಡ ನಿಲ್ಲುತ್ತವೆ. ಪ್ರಮಾಣ ತಿಳಿಯದ ಪುಡಿಯಿಂದ ವಿದ್ಯಾರ್ಥಿ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಗ್ರಾಫೀನ್ ಆಕ್ಸೈಡ್ ದ್ರವದ ಬಗ್ಗೆ ನನ್ನ ಅಭಿಪ್ರಾಯ ಸಂಪೂರ್ಣ ಬೇರೆ. ಕಂದು ಗಾಜಿನ ಬಾಟಲಿ ಸೋರದೆ ತಲುಪಿತು. 10 ಮಿಲಿ ತೆಗೆದು ಒಣಗಿಸಿ ತೂಗಿದಾಗ 20 ಮಿಲಿಗ್ರಾಮಿನ ಹತ್ತಿರವೇ ಸಿಕ್ಕಿತು, ಅಂದರೆ ಬಾಟಲಿಯ ಮೇಲೆ ಬರೆದದ್ದು ನಿಜ. ತಿಂಗಳುಗಟ್ಟಲೆ ಇಟ್ಟರೂ ಒಮ್ಮೆ ಕುಲುಕಿದರೆ ಮೊದಲಿನಂತಾಗುತ್ತದೆ. ಪೂರ್ತಿ ಒಣಗಲು ಮಾತ್ರ ಬಿಡಬಾರದು, ಹಾಳೆಗಳು ಒಂದರ ಮೇಲೊಂದು ಕೂತುಬಿಟ್ಟರೆ ಮತ್ತೆ ಬಿಡಿಸುವುದು ಕಷ್ಟ.

ಈ ದ್ರವದಿಂದ ನಾವು ಮಾಡಿದ್ದು ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಪ್ರಶಾಂತ್ ಕಾಮತ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ವಿಧಾನದ ಸರಳ ರೂಪ. ಅವರು ಎಥನಾಲ್ ಬಳಸಿದ್ದರು. ಎಥನಾಲಿಗೆ ಅಬಕಾರಿ ಪರವಾನಗಿಯ ಓಡಾಟ ಇರುವುದರಿಂದ ನಾವು ಐಸೊಪ್ರೊಪೈಲ್ ಆಲ್ಕೋಹಾಲ್ ತೆಗೆದುಕೊಂಡೆವು. ಚೆನ್ನಾಗಿ ಕಲಕುತ್ತಿರುವ ಆಲ್ಕೋಹಾಲಿಗೆ, ಟೈಟೇನಿಯಾ ಕಣಗಳನ್ನು ಕೊಡುವ ಟೈಟೇನಿಯಂ ಐಸೊಪ್ರೊಪಾಕ್ಸೈಡನ್ನು ಹನಿಹನಿಯಾಗಿ ಬಿಟ್ಟು, ನೈಟ್ರೋಜನ್ ಹಾಯಿಸಿ ಆಮ್ಲಜನಕವನ್ನು ಹೊರಹಾಕಿ, ನೇರಳಾತೀತ ದೀಪದ ಮುಂದೆ ಇಟ್ಟೆವು. ಆಲ್ಕೋಹಾಲು ರಂಧ್ರಗಳನ್ನು ತುಂಬುತ್ತ ಹೋದಂತೆ ಎಲೆಕ್ಟ್ರಾನುಗಳು ಟೈಟೇನಿಯಾ ಕಣಗಳಲ್ಲಿಯೇ ಶೇಖರವಾಗಿ ದ್ರವ ತೆಳು ನೀಲಿಗೆ ತಿರುಗಿತು. ಆಗ ದೀಪ ಆರಿಸಿ, ಮೊದಲೇ ಆಲ್ಕೋಹಾಲಿನಲ್ಲಿ ಹರಡಿ ನೈಟ್ರೋಜನ್ ಹಾಯಿಸಿಟ್ಟಿದ್ದ ಗ್ರಾಫೀನ್ ಆಕ್ಸೈಡನ್ನು ಗಾಳಿ ನುಗ್ಗದಂತೆ ಸಿರಿಂಜಿನಿಂದ ಬಿಟ್ಟೆವು. ನೀಲಿ ಮಾಯವಾಯಿತು. ದೀಪವನ್ನು ಮತ್ತೆ ಹಚ್ಚಿದಾಗ ತಿಳಿ ಕಂದು ಬಣ್ಣ ನಿಧಾನವಾಗಿ ಕಪ್ಪಾಗುತ್ತ ಬಂತು: ಟೈಟೇನಿಯಾದಿಂದ ಹೊರಟ ಎಲೆಕ್ಟ್ರಾನು ಗ್ರಾಫೀನ್ ಆಕ್ಸೈಡನ್ನು ಅಪಕರ್ಷಿಸುತ್ತಿತ್ತು. ಆಮ್ಲಜನಕವೂ ಆ ನೀಲಿಯನ್ನು ಅಳಿಸಬಲ್ಲದು, ಆದ್ದರಿಂದ ಬರಿಯ ಆಲ್ಕೋಹಾಲನ್ನು ಹಾಗೆಯೇ ಸಿರಿಂಜಿನಿಂದ ಬಿಟ್ಟ ಇನ್ನೊಂದು ಸೀಸೆಯನ್ನು ಹೋಲಿಕೆಗೆ ಪಕ್ಕದಲ್ಲಿಟ್ಟಿದ್ದೆವು. ಅದು ನೀಲಿಯಾಗಿಯೇ ಉಳಿಯಿತು. ಆ ಎರಡು ಸೀಸೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ವಿದ್ಯಾರ್ಥಿನಿಯೊಬ್ಬಳು, "ಸಾರ್, ಎಲೆಕ್ಟ್ರಾನ್ ದಾಟಿದ್ದು ಹೀಗೆ ಕಣ್ಣಿಗೆ ಕಾಣುತ್ತೆ ಅಂತ ಗೊತ್ತೇ ಇರಲಿಲ್ಲ" ಎಂದಳು. ಇಷ್ಟು ವರ್ಷಗಳ ಪಾಠದಲ್ಲಿ ಈ ವಿಷಯವನ್ನು ಇದಕ್ಕಿಂತ ಚೆನ್ನಾಗಿ ನಾನು ತೋರಿಸಿದ್ದಿಲ್ಲ.

ಹೀಗೆ ಕೈಯಾರೆ ಮಾಡಿದ ಮಿಶ್ರವಸ್ತುವಿನಲ್ಲಿ ಎಷ್ಟು ಗ್ರಾಫೀನ್ ಆಕ್ಸೈಡ್ ಹಾಕಿದ್ದೇವೆ ಎಂಬುದು ನಮಗೆ ಗೊತ್ತಿರುತ್ತದೆ. ಶೇ. 1, 2, 5 ಎಂದು ಬದಲಿಸಿ ಹೋಲಿಸಬಹುದು, ಒಂದೇ ಬಾಟಲಿ ಹಲವು ತಂಡಗಳಿಗೆ ಸಾಲುತ್ತದೆ. ಸರಬರಾಜುದಾರರು ಬಾಟಲಿಯ ಮೇಲೆ ತಯಾರಿಕೆಯ ದಿನಾಂಕವನ್ನೂ, ಹಾಳೆಗಳ ಸರಾಸರಿ ಅಗಲವನ್ನೂ ನಮೂದಿಸಿದ್ದರೆ ದೂರಲು ಏನೂ ಇರುತ್ತಿರಲಿಲ್ಲ.

ಮುಂದಿನ ಶೈಕ್ಷಣಿಕ ವರ್ಷದ ಬೇಡಿಕೆಪಟ್ಟಿಯಲ್ಲಿ ಇದೇ ದ್ರವದ ಎರಡು ಬಾಟಲಿ ಮತ್ತು ಒಂದು ಸಣ್ಣ ಸೀಸೆ ಐಸೊಪ್ರೊಪಾಕ್ಸೈಡನ್ನು ಬರೆದುಕೊಟ್ಟಿದ್ದೇನೆ. ಸಿದ್ಧ ಪುಡಿಯನ್ನು ಸೇರಿಸಿಲ್ಲ. ಉಳಿದಿರುವ ಒಂದೂವರೆ ಗ್ರಾಂ, ಕತ್ತಲೆಯ ಪ್ರಯೋಗವನ್ನು ಹೊಸ ತಂಡಕ್ಕೆ ಮಾಡಿಸಲು ಸಾಕಾಗುತ್ತದೆ.